ಅನಾಮಧೇಯ ನೀರುನಾಯಿ

ಎಂ.ಎ. ಎರಡನೇ ಸೆಮಿಸ್ಟರ್, ಅರ್ಥಶಾಸ್ತ್ರ.
ಹದಿನೇಳು ಜನಕ್ಕೆ ಒಂದೇ ಕಡತ:
‘ದಾವಣಗೆರೆಯ ಮಂಡಕ್ಕಿ ಭಟ್ಟಿಗಳು, ಒಂದು ಅಧ್ಯಯನ.’
ತಲೆಬರಹ ನನ್ನದು, ಮೊದಲ ವಾಕ್ಯವೂ ನನ್ನದು,
ಉಳಿದದ್ದು ನೀವೇ ತುಂಬಿ ಅಂತ ಲಿಂಕ್ ಕಳಿಸಿ
ಕ್ಯಾಂಟೀನಿನಲ್ಲಿ ಅರ್ಧ ಚಾ ಕುಡಿದು
ಮರೆತೇಬಿಟ್ಟೆ.

ರಾತ್ರಿ ಹತ್ತೂವರೆಗೆ ತೆರೆದರೆ
ಹಾಳೆ ತುಂಬಾ ಬಣ್ಣದ ಕಡ್ಡಿಗಳು ಮಿಟುಕುತ್ತಿವೆ.
ಹಸಿರು ಕಡ್ಡಿ ಜಗಳೂರಿನ ಪಾಲಾಕ್ಷಿ,
ಮಾತೆತ್ತಿದರೆ ‘ಆದ್ದರಿಂದ’.
ನೇರಳೆ, ಹರಿಹರದ ಎಲಿಜಾ. ಕೇಸರಿ, ಓಬಳೇಶ,
ಬರೆದದ್ದಕ್ಕಿಂತ ಅವನು ಅಳಿಸಿದ್ದೇ ಹೆಚ್ಚು, ಅದೂ ಬೇರೆಯವರದ್ದು.
ತರಗತಿಯಲ್ಲಿ ‘ಅರ್ಥ ಆಯ್ತಾ?’ ಅಂದರೆ
ಫ್ಯಾನು ಮಾತ್ರ ಉತ್ತರ ಕೊಡುತ್ತದೆ.
ಅದೇ ಮಂದಿ ಇಲ್ಲಿ
ಒಂದು ಅಲ್ಪವಿರಾಮಕ್ಕೆ ಹೊಡೆದಾಡುತ್ತಿದ್ದಾರೆ.

ಕೆಳಗೆ, ಮೂಲೆಯಲ್ಲಿ, ಬೂದು ಬಣ್ಣದ ಒಂದು ಕಡ್ಡಿ.
‘ಅನಾಮಧೇಯ ನೀರುನಾಯಿ.’
ಹೆಸರು ಹೇಳದೆ ಒಳಗೆ ಬಂದವರಿಗೆ
ಯಂತ್ರವೇ ಒಂದು ಪ್ರಾಣಿಯ ಹೆಸರಿಡುತ್ತದೆ.
ತುಂಗಭದ್ರೆಯಲ್ಲಿ ನೀರುನಾಯಿ ಕಂಡವರಿದ್ದಾರಂತೆ,
ನಾನು ಕಂಡಿಲ್ಲ.
ಇದು ನನ್ನ ಮೊದಲ ವಾಕ್ಯದ ತುದಿಗೆ ಬಂದು
ಹತ್ತು ನಿಮಿಷ ಸುಮ್ಮನೆ ನಿಂತು
ಮುಳುಗಿತು.

ನನ್ನ ವಾಕ್ಯ ಇಷ್ಟೇ:
‘ಮಂಡಕ್ಕಿ ಎಂದರೆ ಕಾದ ಮರಳಿನಲ್ಲಿ ಹುರಿದ ಅಕ್ಕಿ.’
ಅದಕ್ಕೊಂದು ಅಡಿಟಿಪ್ಪಣಿ, ಒಂದು ವರದಿ, ಪುಟ ಸಂಖ್ಯೆ.

ಕಡತ ಏನನ್ನೂ ಮರೆಯುವುದಿಲ್ಲ.
ಬೆಳಿಗ್ಗೆ ಅದರ ಚರಿತ್ರೆ ಬಿಚ್ಚಿ ನೋಡಿದೆ:
ಮೂರು ಐವತ್ತೆರಡಕ್ಕೆ ನೀರುನಾಯಿ ಬಂದಿದೆ.
‘ಸರ್’ ಅಂತ ಬರೆದು ಅಳಿಸಿದೆ.
‘ತಪ್ಪು’ ಅಂತ ಬರೆದು ಅಳಿಸಿದೆ.
‘ಕ್ಷಮಿಸಿ’. ಅದನ್ನೂ.
ಕೊನೆಗೆ ಅಂಚಿನಲ್ಲಿ, ಒಂದೇ ಉಸಿರಿಗೆ:

‘ಹುರಿಯೋದಲ್ಲ ಸರ್, ಹುರಿದರೆ ಕೆಂಪಾಗುತ್ತೆ, ಯಾರೂ ಕೊಳ್ಳಲ್ಲ.
ಅರಳಿಸೋದು. ಉಪ್ಪು ಕುಡಿದ ಅಕ್ಕಿ ಮರಳಿಗೆ ಬಿದ್ದರೆ
ಇಷ್ಟು ಎಣಿಸೋದರೊಳಗೆ ಜರಡಿಗೆ ಬರಬೇಕು.
ಎಷ್ಟು ಅಂತ ಅಮ್ಮಿಗೆ ಗೊತ್ತು.
ಅವಳು ಎಣಿಸಲ್ಲ.’

‘ಆಧಾರ ಕೊಡಿ’ ಅಂದಿದ್ದ ಕೆಳಗೆ ಓಬಳೇಶ.
ಆ ಮಾತು ಅವನು ಕಲಿತದ್ದು ನನ್ನಿಂದ.

ಎರಡು ದಿನ ಬೂದು ಕಡ್ಡಿಯ ಸುಳಿವಿಲ್ಲ.
ಮೂರನೇ ದಿನ ಒಂದು ಫೋಟೋ, ಅಡ್ಡಡ್ಡ, ಮಸುಕು ಮಸುಕು:
ಹೊಗೆ ಹಿಡಿದ ಗೋಡೆ, ಅದರ ಮೇಲೆ
ಇದ್ದಿಲ ಗೀಟು, ಐದೈದರ ಕಟ್ಟು,
ಚೀಲದ ಲೆಕ್ಕ,
ಸುಣ್ಣ ಬಳಿದರೂ ಕೆಳಗಿಂದ ಇಣುಕುವ ಹಳೆಯ ಲೆಕ್ಕ.

ಬಣ್ಣಗಳೆಲ್ಲ ಆ ಗೋಡೆಯ ಹತ್ತಿರ ಬಂದು ನಿಂತವು.
ಪಾಲಾಕ್ಷಿ ಕೋಷ್ಟಕ ಎಳೆದ.
ಚೀಲಕ್ಕೆಷ್ಟು ಬಿತ್ತು ಕೂಲಿ ಅಂತ ಎಲಿಜಾ ಭಾಗಿಸಿದಳು,
ಉತ್ತರ ನೋಡಿ ಮತ್ತೊಮ್ಮೆ ಭಾಗಿಸಿದಳು.
ಓಬಳೇಶ ತನ್ನ ‘ಆಧಾರ ಕೊಡಿ’ ಅಳಿಸಿದ.
ನಾನು ಹೇಳಿದೆನಲ್ಲ, ಕಡತ ಮರೆಯುವುದಿಲ್ಲ.

ಸೋಮವಾರ ಹಾಜರಿ ಕೂಗುತ್ತ
ನಿದ್ದೆಗೆಟ್ಟ ಕಣ್ಣು ಹುಡುಕಿದೆ.
ಹದಿನೇಳೂ ಆಕಳಿಸುತ್ತಿದ್ದವು.
ಒಂಬತ್ತನೇ ನಂಬರಿನ ನಗೀನಾ
ಎಂದಿನಂತೆ ಬೆಂಚಿಗೆ ಕೇಳಿಸುವಷ್ಟೇ ‘ಎಸ್ ಸರ್’ ಅಂದಳು.
ಅವಳೇ ಇರಬಹುದು. ದಾದಾಪೀರನೂ ಇರಬಹುದು,
ಅವನ ಮನೆಯೂ ಭಟ್ಟಿಯ ಕಡೆಗೇ.
ಕೇಳಲಿಲ್ಲ.
ಇಪ್ಪತ್ತು ಅಂಕದ ಆಂತರಿಕ ಮೌಲ್ಯಮಾಪನ;
ನೀರುನಾಯಿಗೆ ಯಾವ ಕಾಲಮ್ಮಿನಲ್ಲಿ ಕೊಡಲಿ?

ಕಡತದ ತಲೆಯಲ್ಲಿ ಒಂದು ಸಾಲಿದೆ: ‘ಮಾಲೀಕರು: ನೀವು.’
ಇಷ್ಟು ದಿನ ಕಣ್ಣಿಗೇ ಬಿದ್ದಿರಲಿಲ್ಲ.
ಬೇರೆಯವರಿಗೆ ಬಿಟ್ಟುಕೊಡಲು ಬರುತ್ತದೆ,
ಆದರೆ ವಿಳಾಸ ಕೇಳುತ್ತದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಮೂರೂವರೆಗೆ ಎದ್ದು
ಕತ್ತಲಲ್ಲೇ, ಕನ್ನಡಕವಿಲ್ಲದೆ, ಮೊಬೈಲಿನಲ್ಲಿ
ಅಡಿಟಿಪ್ಪಣಿ ತೆಗೆದೆ, ‘ಹುರಿದ’ ತೆಗೆದೆ,
‘ಅರಲಿಸಿದ’ ಅಂತ ಒತ್ತಿದೆ.

ಬೂದು ಕಡ್ಡಿ ಮೇಲೆದ್ದಿತು.
ಹತ್ತಿರ ಬಂತು. ಸ್ವಲ್ಪ ತಡೆದು
ನನ್ನ ‘ಲ’ ಅಳಿಸಿ
‘ಳ’ ಇಟ್ಟು
ಕೆಲಸಕ್ಕೆ ಹೋಯಿತು.